ಊರೊಳಗೆ ಓಡಿಸೋಕೆ ಡೀಸೆಲ್ ಕಾರು ತಗೊಂಡವರು ಡಿಪಿಎಫ್ ಬಿಲ್ ಬರುವ ಮೊದಲೇ ಇದನ್ನು ಓದಿ

ಕಾರಿಗೆ ಒಂದು ವರ್ಷವೂ ತುಂಬಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ, ಎಷ್ಟು ತುಳಿದರೂ ಗಾಡಿ ಏಳುವುದಿಲ್ಲ. ಸರ್ವಿಸ್ ಸೆಂಟರ್‌ನವರು ಹೇಳುವುದು: "ಡಿಪಿಎಫ್ ಬ್ಲಾಕ್ ಆಗಿದೆ, ಬದಲಾಯಿಸಬೇಕು. ವಾರಂಟಿಗೆ ಬರಲ್ಲ, ನೀವು ಓಡಿಸಿರೋ ರೀತಿ ಸರಿಯಿಲ್ಲ." ಡಿಪಿಎಫ್ ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಹೊಗೆಯ ಮಸಿ ಹಿಡಿಯುವ ಸೋಸುಕ. ಹಲವು ಮಾದರಿಗಳಲ್ಲಿ ಎಸ್ಟಿಮೇಟ್ ಲಕ್ಷದ ಆಸುಪಾಸು. ಮಾಮೂಲಿ ವಿಮೆಯೂ ಇದಕ್ಕೆ ಒದಗುವುದಿಲ್ಲ. ಕಾರು ಮಾರುವಾಗ "ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ" ಎಂದು ಕೇಳಿ ಇದನ್ನು ವಿವರಿಸಬೇಕಿತ್ತು. ಹಾಗೆ ಮಾಡುವವರು ಕಡಿಮೆ.

2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಎಕ್ಸಾಸ್ಟ್‌ನಲ್ಲಿ ಈ ಫಿಲ್ಟರ್ ಕೂತಿದೆ. ಸೆರಾಮಿಕ್ ಜೇನುಗೂಡಿನಂಥ ರಚನೆ. ಹೊಗೆಯ ಮಸಿ ಅದರ ಗೋಡೆಗಳಲ್ಲಿ ನಿಲ್ಲುತ್ತದೆ. ಮಸಿ ತುಂಬುತ್ತಾ ಬಂದಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಎಕ್ಸಾಸ್ಟ್ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಅದನ್ನು ಸುಡುತ್ತದೆ. ಇದೇ ರೀಜನರೇಶನ್. ಅದು ಮುಗಿಯಲು ಎಂಜಿನ್ ಚೆನ್ನಾಗಿ ಬಿಸಿಯಾಗಿ, ಗಾಡಿ ನಿಲ್ಲದೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್: ಇಲ್ಲಿ ಅದು ಶುರುವಾಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿ 'ಮ್ಯಾಕ್ಸ್' ಗೆರೆ ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಕಾರಣ ಸಾಮಾನ್ಯವಾಗಿ ಇದೇ. ಅಂಥ ತೆಳು ಆಯಿಲ್‌ನಲ್ಲಿ ಓಡಿಸಿದರೆ ಟರ್ಬೊ, ಬೇರಿಂಗ್ ಎರಡೂ ಸವೆಯುತ್ತವೆ. ಸರ್ವಿಸ್ ದಿನ ಬರಲಿ ಎಂದು ಕಾಯಬೇಡಿ, ಆಯಿಲ್ ಬದಲಾಯಿಸಿ.

ರೀಜನರೇಶನ್ ನಡೆಯುತ್ತಿದೆ ಎಂದು ದೀಪವಿಲ್ಲದೆಯೂ ಗೊತ್ತಾಗುತ್ತದೆ: ಐಡಲ್ ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ, ಮೈಲೇಜ್ ರೀಡಿಂಗ್ ದಿಢೀರ್ ಬೀಳುತ್ತದೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತದೆ. ಆ ಹೊತ್ತಿನಲ್ಲಿ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬನ್ನಿ. ಡಿಪಿಎಫ್ ದೀಪ ಒಂದೇ ಸಮ ಉರಿಯುತ್ತಿದ್ದರೆ ನೈಸ್ ರಸ್ತೆಗೋ ತುಮಕೂರು ಹೆದ್ದಾರಿಗೋ ಹೋಗಿ, 60ಕ್ಕಿಂತ ಮೇಲೆ, ಒಂದು ಗೇರ್ ಕಡಿಮೆ ಇಟ್ಟು, ಆರ್‌ಪಿಎಂ 2000ದ ಮೇಲಿರುವಂತೆ ಓಡಿಸಿ. ದೀಪ ಮಿನುಗುತ್ತಿದ್ದರೆ ಅಥವಾ ಜೊತೆಗೆ ಎಂಜಿನ್ ದೀಪವೂ ಬಂದಿದ್ದರೆ ಹೆದ್ದಾರಿಯ ಉಪಾಯ ಬೇಡ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಫೋರ್ಸ್ಡ್ ರೀಜನರೇಶನ್ (ಬಲವಂತವಾಗಿ ಮಸಿ ಸುಡಿಸುವುದು) ಮಾಡಿಸಬೇಕು. ಮಸಿ ಮಿತಿಮೀರಿದ್ದರೆ ಅದನ್ನೂ ಮಾಡಲಾಗದು, ಒಮ್ಮೆಲೇ ಹೊತ್ತಿಕೊಂಡರೆ ಸೆರಾಮಿಕ್ ಸೀಳುತ್ತದೆ.

ಎಸ್ಟಿಮೇಟ್‌ಗೆ ಸಹಿ ಹಾಕುವ ಮುನ್ನ ಸ್ಕ್ಯಾನ್ ರಿಪೋರ್ಟಿನ ಪ್ರತಿ ಕೇಳಿ. ಅದರಲ್ಲಿ ಫಾಲ್ಟ್ ಕೋಡ್‌ಗಳು, ಮಸಿಯ ಪ್ರಮಾಣ, ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರಿನ ಹಿಂದೆ ಮುಂದಿನ ಒತ್ತಡದ ವ್ಯತ್ಯಾಸ), ಕೊನೆಯ ರೀಜನರೇಶನ್ ಆಗಿ ಎಷ್ಟು ಕಿಲೋಮೀಟರ್ ಆಯಿತು ಎಂಬುದು ಇರಬೇಕು. ಫಿಲ್ಟರ್ ಕಟ್ಟಿಕೊಳ್ಳಲು ಓಡಿಸುವ ರೀತಿಯೊಂದೇ ಕಾರಣವಲ್ಲ. ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ವಾಪಸ್ ಕಳಿಸುವ ವಾಲ್ವ್) ಸಿಕ್ಕಿಕೊಂಡಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೊ ಹೋಸ್ ಬಿರುಕು ಬಿಟ್ಟಿರಬಹುದು, ಉಷ್ಣಾಂಶದ ಸೆನ್ಸರ್ ಕೆಟ್ಟಿರಬಹುದು. ಇವು ಹೊಸ ಕಾರಿನಲ್ಲಿ ಸಾಮಾನ್ಯವಾಗಿ ವಾರಂಟಿಯ ಭಾಗಗಳು. ಅವುಗಳಿಂದಲೇ ಡಿಪಿಎಫ್ ಕೆಟ್ಟಿದ್ದರೆ ಬಿಲ್ ನಿಮ್ಮ ತಲೆಗೆ ಕಟ್ಟುವುದು ಸರಿಯಲ್ಲ. ವಾರಂಟಿ ನಿರಾಕರಿಸಿದರೆ ಯಾವ ಷರತ್ತಿನಡಿ ಎಂದು ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಕ್ಲೀನಿಂಗ್‌ನಿಂದ ಸರಿಹೋಗುತ್ತದೆಯೇ ಎಂಬುದಕ್ಕೂ ಲಿಖಿತ ಉತ್ತರ ಪಡೆಯಿರಿ.

"ಡಿಪಿಎಫ್ ತೆಗೆದುಹಾಕಿ ಇಸಿಯು ರೀಮ್ಯಾಪ್ ಮಾಡ್ತೀವಿ" ಎನ್ನುವ ಹೊರಗಿನ ಗ್ಯಾರೇಜಿಗೆ ಹೋಗಬೇಡಿ. ಅದು ಕಾನೂನುಬಾಹಿರ, ಉಳಿದ ವಾರಂಟಿಯೂ ಹೋಗುತ್ತದೆ, ಆ ಮಸಿ ನಮ್ಮ ಮಕ್ಕಳ ಶ್ವಾಸಕೋಶಕ್ಕೇ ಸೇರುತ್ತದೆ. ಆಯಿಲ್ ವಿಷಯದಲ್ಲೂ ಹುಷಾರು: ಮ್ಯಾನುವಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ದರ್ಜೆಯದ್ದನ್ನೇ ಹಾಕಿಸಿ. ಆಯಿಲ್‌ನ ಬೂದಿ ಎಷ್ಟು ಬಿಸಿಗೂ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ.

ಕಂಪನಿ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಸಮಸ್ಯೆ ಎದುರಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸ್ಕ್ಯಾನ್ ರಿಪೋರ್ಟ್, ಜಾಬ್ ಕಾರ್ಡ್, ಸರ್ವಿಸ್ ಬಿಲ್, ನಿರಾಕರಣೆಯ ಇಮೇಲ್ ಅಲ್ಲಿ ಬೇಕಾಗುತ್ತವೆ. ಬದಲಾಯಿಸಿದ ಹಳೆಯ ಫಿಲ್ಟರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತಗೊಂಡು ಬನ್ನಿ.