ರೋಗಿಯ ಹೆಸರು ಬದಲಿಸಿದರೆ ಸಾಲದು: ವೃತ್ತಿ ಪತ್ರಿಕೆಗೆ ಬರೆಯುವ ಮುಂಚೆ ಇದನ್ನು ಓದಿ

ಅಮೆರಿಕದ ಆಸ್ಪತ್ರೆಗಳಲ್ಲಿ ಕೇಸ್ ಮ್ಯಾನೇಜರ್ (ರೋಗಿಯ ಆರೈಕೆ, ವಿಮೆ, ಬಿಡುಗಡೆಯ ಏರ್ಪಾಡು ನೋಡಿಕೊಳ್ಳುವವರು) ಆಗಿರುವ ನಮ್ಮ ನರ್ಸ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಅಮೆರಿಕದ ರೋಗಿಗಳ ಫೈಲ್ ನೋಡುವವರೂ ದಯವಿಟ್ಟು ಓದಿ. ಕೇಸ್ ಮ್ಯಾನೇಜ್‌ಮೆಂಟ್ ಪತ್ರಿಕೆಯೊಂದರಿಂದ "ನಿಮ್ಮ ಅನುಭವ ಬರೆದುಕೊಡಿ" ಅಂತ ಮೇಲ್ ಬಂದರೆ ಖುಷಿಯಾಗುತ್ತದೆ. ನನಗೂ ಆಗಿತ್ತು. ಆ ಖುಷಿಯಲ್ಲಿ ನಾನು ಮಾಡಿದ ತಪ್ಪಿನಿಂದ ಒಂದು ಮನೆಯವರಿಗೆ ನೋವಾಯಿತು.

ಬರೆಯಬೇಕು ಅನ್ನಿಸಿದ್ದು ಒಬ್ಬ ಅಜ್ಜನ ವಿಷಯ. ಮನೆಯಲ್ಲಿ ಬಿದ್ದು ನಮ್ಮಲ್ಲಿಗೆ ಬಂದವರು. ಮೂಳೆ ಮುರಿದಿರಲಿಲ್ಲ, ಆದರೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾಲ್ಕು ರಾತ್ರಿ ಒಂದೇ ಹಾಸಿಗೆಯಲ್ಲಿದ್ದರು. ಕಡತದಲ್ಲಿ ಮಾತ್ರ ಅಷ್ಟೂ ದಿನ 'ಅಬ್ಸರ್ವೇಶನ್', ಅಂದರೆ ಅಡ್ಮಿಟ್ ಮಾಡದೆ ನಿಗಾದಲ್ಲಿ ಇಟ್ಟಿರುವುದು ಅಂತಲೇ ಇತ್ತು, ಒಳರೋಗಿ ಅಂತ ಆಗಲೇ ಇಲ್ಲ. ಮೂಲ ಮೆಡಿಕೇರ್‌ನಲ್ಲಿ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಆಸ್ಪತ್ರೆಯ ನಂತರ ಆರೈಕೆಗೆ ಹೋಗುವ ನರ್ಸಿಂಗ್ ಕೇಂದ್ರದ ಖರ್ಚು ಸಿಗಬೇಕಾದರೆ ಸತತ 3 ದಿನ ಒಳರೋಗಿಯಾಗಿರಬೇಕು. ಅಬ್ಸರ್ವೇಶನ್ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಅಬ್ಸರ್ವೇಶನ್ 24 ಗಂಟೆ ದಾಟಿದವರಿಗೆ ಅದನ್ನು ತಿಳಿಸುವ 'ಮೂನ್' ಅನ್ನುವ ನೋಟಿಸ್ ಒಂದಿದೆ. 36 ಗಂಟೆಯೊಳಗೆ ಕೊಡಬೇಕು, ಬಾಯಲ್ಲೂ ವಿವರಿಸಬೇಕು. ಕೊಟ್ಟಿದ್ದೆವು. ಮಗಳು ಸಹಿಯನ್ನೂ ಮಾಡಿದ್ದರು. ಮನೆಗೆ ಕಳಿಸುವ ದಿನ ಅದೇ ಕಾಗದ ಹಿಡಿದುಕೊಂಡು, "ನಾಲ್ಕು ರಾತ್ರಿ ಇಲ್ಲೇ ಮಲಗಿದ್ದಾರೆ. ಅಡ್ಮಿಟ್ ಆಗಿಲ್ಲ ಅಂದ್ರೆ ಏನರ್ಥ?" ಅಂತ ಕೇಳಿದರು. ಆ ಪ್ರಶ್ನೆ ಇಟ್ಟುಕೊಂಡೇ ಲೇಖನ ಬರೆದೆ. ಈಗಲೂ ಆ ವಿಷಯ ಬರೆಯಲೇಬೇಕಾದದ್ದು ಅಂತ ನಂಬಿದ್ದೇನೆ.

ನಾನು ಕಳಿಸಿದ ಪ್ರತಿಯಲ್ಲಿ ಅವರು ಬರೀ 'ವಯಸ್ಸಾದ ರೈತರೊಬ್ಬರು'. ಸಂಪಾದಕರು ಫೋನ್ ಮಾಡಿದರು. ಬಹಳ ಮೃದು ಮಾತು. ಓದುಗರಿಗೆ ಮನುಷ್ಯ ಕಣ್ಣಿಗೆ ಕಾಣಬೇಕು, ಇನ್ನೂ ಸ್ವಲ್ಪ ಹೇಳಿ ಅಂದರು. ಹೇಳಿದೆ. ವಯಸ್ಸೆಷ್ಟು, ಯಾವ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಏನು ಬೆಳೆಯುತ್ತಿದ್ದರು, ಯಾವ ತಿಂಗಳು, ಬಿದ್ದಾಗ ಯಾವ ಸ್ಥಿತಿಯಲ್ಲಿ ಸಿಕ್ಕರು. ಆ ಕಡೆ ಕೀಬೋರ್ಡ್ ಸದ್ದು ಕೇಳಿಸುತ್ತಿತ್ತು. ಸುಮ್ನೆ ತಿಳಿದುಕೊಳ್ಳಲು ಕೇಳುತ್ತಿದ್ದಾರೆ ಅಂದುಕೊಂಡೆ. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ತೋರಿಸಿ ಅಂತ ನಾನು ಕೇಳಲಿಲ್ಲ, ಅವರೂ ಕಳಿಸಲಿಲ್ಲ.

ಪತ್ರಿಕೆ ಬಂದ ಮೂರನೇ ವಾರ ಆಸ್ಪತ್ರೆಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ನಮ್ಮ ಕಂಪ್ಲಯನ್ಸ್ ಕಚೇರಿಯಿಂದ ಕರೆ ಬಂತು. ಮೇಜಿನ ಮೇಲೆ ನನ್ನ ಲೇಖನದ ಪುಟ. ನಾಲ್ಕು ಕಡೆ ಹಳದಿ ಹೈಲೈಟರ್ ಎಳೆದಿದ್ದರು. ಫೋನಿನಲ್ಲಿ ಹೇಳಿದ್ದೆಲ್ಲ ಅಚ್ಚಾಗಿತ್ತು. ಹೆಸರು ಮಾತ್ರ ಬೇರೆ. ಅದೇ ಕೌಂಟಿಯಲ್ಲಿ ಮನೆಮನೆಗೆ ಹೋಗುವ ನರ್ಸ್ ಒಬ್ಬರು ಓದುತ್ತಿದ್ದಂತೆ ಗುರುತು ಹಿಡಿದಿದ್ದರು. ಮಾತು ಮಗಳ ಕಿವಿಗೆ ಬಿತ್ತು.

ಆಕೆ ನನಗೇ ಫೋನ್ ಮಾಡಿದರು. ಕೂಗಾಡಲಿಲ್ಲ. "ಅಪ್ಪ ಬಿದ್ದಾಗ ಬಟ್ಟೆ ಒದ್ದೆಯಾಗಿತ್ತು ಅನ್ನೋದನ್ನ ನಾನು ನನ್ನ ತಮ್ಮನಿಗೂ ಹೇಳಿರಲಿಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕ್ಷಮೆ ಕೇಳಿದೆ, ಅಷ್ಟೇ.

ರೋಗಿಯ ಮಾಹಿತಿಯ ಗೌಪ್ಯತೆ ಕಾಯುವ ಇಲ್ಲಿನ ಹಿಪಾ ಕಾನೂನು 1996ರದ್ದು. ರೋಗಿಯ ಗುರುತು ಅಳಿಸಲು ಅದರ ನಿಯಮಗಳಲ್ಲಿ 18 ಬಗೆಯ ವಿವರಗಳ ಪಟ್ಟಿಯೇ ಇದೆ. ರಾಜ್ಯಕ್ಕಿಂತ ಚಿಕ್ಕ ಸ್ಥಳದ ಹೆಸರು, ಅಂದರೆ ಊರು, ಕೌಂಟಿ ಎಲ್ಲ ಹೋಗಬೇಕು. ದಾಖಲಾದ, ಬಿಡುಗಡೆಯಾದ ತಾರೀಖಿನಲ್ಲಿ ವರ್ಷ ಮಾತ್ರ ಉಳಿಯಬಹುದು. 89 ದಾಟಿದವರ ವಯಸ್ಸನ್ನು '90 ಮತ್ತು ಮೇಲೆ' ಅಂತಷ್ಟೇ ಬರೆಯಬಹುದು. ಇದನ್ನೆಲ್ಲ ವರ್ಷವರ್ಷ ತರಬೇತಿಯಲ್ಲಿ ಕೇಳಿದ್ದೆ, ಆದರೂ ಫೋನಿನಲ್ಲಿ ಮರೆತೆ. ಪಟ್ಟಿಯಲ್ಲಿರುವುದನ್ನು ತೆಗೆದರೂ, ಉಳಿದದ್ದರಿಂದ ಗುರುತು ಸಿಗುತ್ತದೆ ಅಂತ ನಿಮಗೆ ಗೊತ್ತಿದ್ದರೆ ಅದೂ ಸಲ್ಲದು. ಒಂದು ಭಾಗದಲ್ಲಿ ಒಬ್ಬರೇ ಬೆಳೆಯುವ ಬೆಳೆ ಹೆಸರಿನಷ್ಟೇ ಸ್ಪಷ್ಟ, ಅಲ್ವಾ? ನಿಜವಾದ ವಿವರ ಬೇಕೇ ಬೇಕಿದ್ದರೆ ರೋಗಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಹೀಗೆ ವಿವರ ಹೊರಬಿದ್ದರೆ ತಡಮಾಡದೆ, ಹೆಚ್ಚೆಂದರೆ ತಿಳಿದ 60 ದಿನದೊಳಗೆ ಆಸ್ಪತ್ರೆ ರೋಗಿಗೆ ತಿಳಿಸಬೇಕು. ಆ ಪತ್ರ ಅಜ್ಜನ ಮನೆಗೆ ಹೋಯಿತು. ನನ್ನ ಫೈಲಿಗೆ ಎಚ್ಚರಿಕೆ ಪತ್ರ ಸೇರಿತು. ಅದು ಸರಿಯೇ.

ವೆಬ್‌ಸೈಟಿನಿಂದ ಲೇಖನ ತೆಗೆಯಿರಿ ಅಂತ ಪತ್ರಿಕೆಗೆ ಬರೆದೆ. ಆಗ ಅವರು ಒಪ್ಪಂದ ನೆನಪಿಸಿದರು. 200 ಡಾಲರ್ ಗೌರವಧನದ ಆ ಕಾಗದಕ್ಕೆ ನಾನು ಮೊಬೈಲ್‌ನಲ್ಲಿ ಬೆರಳಿನಿಂದ ಸಹಿ ಮಾಡಿದ್ದೆ. ಅದರಲ್ಲಿ 'ವರ್ಕ್ ಮೇಡ್ ಫಾರ್ ಹೈರ್' ಅಂತಿತ್ತು. ಹಾಗಂದರೆ ಕಾನೂನಿನ ಕಣ್ಣಿಗೆ ಲೇಖನದ ಕರ್ತೃವೇ ಪ್ರಕಾಶಕರು. ತೆಗೆಯಿರಿ ಅನ್ನುವ ಹಕ್ಕು ನನಗಿರಲಿಲ್ಲ. ಎರಡು ಪ್ಯಾರಾ ಕೆಳಗೆ, ಯಾರಾದರೂ ದಾವೆ ಹೂಡಿದರೆ ಖರ್ಚೆಲ್ಲ ಬರೆದವರದ್ದು ಅಂತಲೂ ಇತ್ತು. ಹಕ್ಕು ಅವರದು, ಹೊಣೆ ನನ್ನದು! ಆಸ್ಪತ್ರೆಯ ವಕೀಲರು ಬರೆದ ಮೇಲೆ, 11 ದಿನಕ್ಕೆ ಆ ವಿವರಗಳನ್ನು ತೆಗೆದರು. ಅಚ್ಚಾದ ಪ್ರತಿಗಳನ್ನು ವಾಪಸ್ ತರುವವರು ಯಾರು?

ಹಾಗಾಗಿ ಒಪ್ಪಂದವನ್ನು ಕಂಪ್ಯೂಟರ್ ಪರದೆಯಲ್ಲಿ ಪೂರ್ತಿ ಓದಿ. ಮೊದಲ ಪ್ರಕಟಣೆಯ ಹಕ್ಕು ಮಾತ್ರ ಕೊಡುತ್ತೇನೆ ಅನ್ನಿ. ಕೆಲವರು ಒಪ್ಪುತ್ತಾರೆ. ಸಂಪಾದಕರು ಸೇರಿಸಿದ್ದಕ್ಕೆ ನಾನು ಹೊಣೆಯಲ್ಲ ಅಂತ ಬರೆಸಿಕೊಳ್ಳಿ. ಕೊನೆಯ ಪ್ರೂಫ್ ನೋಡದೆ ಬಿಡಬೇಡಿ. ರೋಗಿಯ ಬಗ್ಗೆ ಫೋನಿನಲ್ಲಿ ಮಾತೇ ಬೇಡ, ಮೇಲ್‌ನಲ್ಲಿ ಕೇಳಿ ಅನ್ನಿ. ಎಚ್-1ಬಿ ವೀಸಾದವರಿಗೆ ಇನ್ನೊಂದು ಮಾತು: ನಿಮಗೆ ಅನುಮತಿ ಇರುವುದು ವೀಸಾ ಮಾಡಿಸಿದ ಕಂಪನಿಯ ಕೆಲಸಕ್ಕೆ ಮಾತ್ರ. ಬೇರೆಯವರಿಂದ ಗೌರವಧನ ತೆಗೆದುಕೊಳ್ಳುವ ಮುಂಚೆ ವಲಸೆ ವಕೀಲರನ್ನು ಕೇಳಿ.

ಒಂದು ವರ್ಷ ಏನೂ ಬರೆಯಲಿಲ್ಲ. ಹೋದ ತಿಂಗಳು ಅದೇ ಅಬ್ಸರ್ವೇಶನ್ ವಿಷಯವನ್ನು, ಯಾವ ರೋಗಿಯ ಕತೆಯೂ ಇಲ್ಲದೆ, ಬೇರೆ ಪತ್ರಿಕೆಗೆ ಬರೆದೆ. ಕಳಿಸುವ ಮುಂಚೆ ಕಂಪ್ಲಯನ್ಸ್ ಕಚೇರಿಗೆ ಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಓದಿ ಮುಗಿಸಿದರು. ಎರಡನೇ ಪುಟದಲ್ಲಿ ನನ್ನ ಕಣ್ಣು ತಪ್ಪಿ ಉಳಿದಿದ್ದ ಒಂದು ತಿಂಗಳ ಹೆಸರನ್ನು ಹೊಡೆದುಹಾಕಿ ವಾಪಸ್ ಕೊಟ್ಟರು.