ಒಂದು ಹಿಮಾಲಯನ್ನೋ, ಎರಡು ಎಕ್ಸ್‌ಪಲ್ಸೋ: ಮಣ್ಣುದಾರಿಗೆ ದಂಪತಿಗಳ ಮೊದಲ ಬೈಕು

ಬೆಳಗಾವಿಯಿಂದ ನೈಋತ್ಯಕ್ಕೆ, ಜಾಂಬೋಟಿ ಮತ್ತು ಕಣಕುಂಬಿ ಕಡೆಯ ಕಚ್ಚಾ ದಾರಿಗಳಲ್ಲಿ ಓಡಾಡಲು ನಾನೂ ನಮ್ಮ ಮನೆಯವರೂ ಗಾಡಿ ಹುಡುಕತೊಡಗಿದಾಗ ನಮ್ಮ ಮುಂದೆ ಮೂರು ಆಯ್ಕೆಗಳು ಉಳಿದವು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450, ಅದೇ ಕಂಪನಿಯ ಹಳೆಯ ಹಿಮಾಲಯನ್ 411, ಮತ್ತು ಹೀರೋ ಎಕ್ಸ್‌ಪಲ್ಸ್ 200 4ವಿ. ನಾಲ್ಕು ಗಾಲಿಯ ಎಟಿವಿಯನ್ನು ಕೊಳ್ಳುವ ಆಸೆಯೂ ಇತ್ತು. ಆದರೆ ಸ್ಪೋರ್ಟ್ ಎಟಿವಿಗಳನ್ನು ಒಬ್ಬ ಸವಾರರಿಗೆಂದೇ ರೂಪಿಸಿರುತ್ತಾರೆ, ಹಿಂದೆ ಕೂರಲು ಜಾಗವಿರುವುದಿಲ್ಲ; ಮೇಲಾಗಿ ನಮ್ಮಲ್ಲಿ ಅವುಗಳಿಗೆ ಸಾಮಾನ್ಯವಾಗಿ ರಸ್ತೆಗೆ ಇಳಿಯಲು ನೋಂದಣಿ ಸಿಗದ ಕಾರಣ, ಮಣ್ಣುದಾರಿ ಶುರುವಾಗುವವರೆಗೆ ಟೆಂಪೋದಲ್ಲಿ ಹೇರಿಕೊಂಡೇ ಹೋಗಬೇಕಾಗುತ್ತದೆ. ಆದ್ದರಿಂದ ಆ ವಿಚಾರವನ್ನು ಬೇಗನೆ ಕೈಬಿಟ್ಟೆವು.

ಶೋರೂಮಿನವರು ಕೊಡುವ ಟೆಸ್ಟ್ ರೈಡ್ ಟಾರು ರಸ್ತೆಯಲ್ಲೇ ಮುಗಿಯುತ್ತದೆ. ಪರಿಚಿತರ ಗಾಡಿಗಳನ್ನು ಕೇಳಿ ಪಡೆದು, ಮೂರನ್ನೂ ಎರಡು ಬಗೆಯ ನೆಲದಲ್ಲಿ ಓಡಿಸಿ ನೋಡಿದೆವು: ಖಾನಾಪುರ ತಾಲೂಕಿನ ಜಂಬಿಟ್ಟಿಗೆ ಗರಸಿನ ಏರುದಾರಿಗಳಲ್ಲಿ ಮತ್ತು ಬೈಲಹೊಂಗಲ ಕಡೆಯ ಎರೆ ಹೊಲಗಳ ಬಂಡಿಜಾಡಿನಲ್ಲಿ. ಭೀಮಗಡ ಅಭಯಾರಣ್ಯದ ಒಳದಾರಿಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟೆವು. ಅನುಮತಿಯಿಲ್ಲದೆ ಅಲ್ಲಿ ಗಾಡಿ ನುಗ್ಗಿಸುವುದು ಕಾನೂನಿಗೂ ಕಾಡಿಗೂ ಸಲ್ಲದ ಕೆಲಸ. ಊರಿಂದೂರಿಗೆ ಹೋಗುವ ಮಣ್ಣಿನ ರಸ್ತೆಗಳೇ ನಮಗೆ ಬೇಕಾದಷ್ಟಿವೆ.

ಹಿಮಾಲಯನ್ 450 ಬಿಡುಗಡೆಯಾದದ್ದು 2023ರ ನವೆಂಬರಿನಲ್ಲಿ. ಅದರ 452 ಸಿಸಿಯ, ನೀರಿನಿಂದ ತಂಪಾಗುವ ಎಂಜಿನ್ನು 40 ಪಿಎಸ್ ಶಕ್ತಿಯನ್ನೂ 40 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲ) ಕೊಡುತ್ತದೆ, ಗೇರುಗಳು ಆರು. ಇಬ್ಬರೂ ಕುಳಿತು, ಸಾಮಾನು ಕಟ್ಟಿಕೊಂಡು ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಹೋಗುವಾಗ ಈ ಮೂರರಲ್ಲಿ ಇದಕ್ಕೆ ಸಾಟಿಯೇ ಇಲ್ಲ: ತಿರುವಿನಿಂದ ಹೊರಬರುವಾಗ ಗೇರು ಇಳಿಸುವ ಗೋಜಿಲ್ಲ, ಲಾರಿಯನ್ನು ಹಿಂದೆ ಹಾಕಲು ಎದೆ ಗಟ್ಟಿ ಮಾಡಿಕೊಳ್ಳಬೇಕಿಲ್ಲ, ಹಿಂದಿನ ಸೀಟಿನಲ್ಲಿ ಕೂತವರ ಸೊಂಟವೂ ನೋಯುವುದಿಲ್ಲ. ಆದರೆ ಟಾರು ಮುಗಿದು ಗರಸು ಶುರುವಾದ ಕೂಡಲೇ ಲೆಕ್ಕ ಬದಲಾಗುತ್ತದೆ. ಬಿಡಿಬಿಡಿಯಾದ ಜಂಬಿಟ್ಟಿಗೆಯ ಹರಳುಗಳು ಮುಂದಿನ ಗಾಲಿಯ ಕೆಳಗೆ ಮಣಿಗಳಂತೆ ಉರುಳುತ್ತವೆ. ಹಿಂದೆ ಒಬ್ಬರು ಕೂತಿದ್ದರೆ ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಬಿದ್ದು, ಏರಿನಲ್ಲಿ ಮುಂಗಾಲಿ ಹಗುರಾಗಿ, ಹ್ಯಾಂಡಲ್ ತಿರುಗಿಸಿದರೂ ಗಾಡಿ ತನ್ನ ದಾರಿಯನ್ನೇ ಹಿಡಿಯುತ್ತದೆ. ಓಡಿಸುವವರು ಎದ್ದು ನಿಂತು ಮೊಣಕಾಲಿನಿಂದ ಏಟು ತಡೆದುಕೊಳ್ಳಬಹುದು. ಹಿಂದೆ ಕೂತವರಿಗೆ ಆ ಅನುಕೂಲವಿಲ್ಲ, ಮುಂದಿನ ಕುಳಿಯೂ ಅವರಿಗೆ ಕಾಣುವುದಿಲ್ಲ. ಇದು ಈ ಗಾಡಿಯ ದೋಷವಲ್ಲ. ಒರಟು ದಾರಿಯಲ್ಲಿ ಇಬ್ಬರನ್ನು ಹೊತ್ತ ಯಾವ ಬೈಕಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಒಬ್ಬರೇ ಓಡಿಸಿದರೆ ಹೇಗೆ? ನಮ್ಮ ಮನೆಯವರು ಎತ್ತರದ ಆಳು, ಅವರಿಗೆ 450 ಬಹಳ ಹಿಡಿಸಿತು. ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಸೀಟು 825 ಮಿಲಿಮೀಟರು, ತೂಕ 196 ಕಿಲೋ. ಸಮತಟ್ಟಾದ ಜಾಗದಲ್ಲಿ ಬೆರಳ ತುದಿಯಲ್ಲಿ ನಿಂತು ನಿಭಾಯಿಸಿದೆ, ಇಳಿಜಾರಿನಲ್ಲಿ ನಿಲ್ಲಿಸಬೇಕಾಗಿ ಬಂದಾಗ ಕಾಲಿಗೆ ನೆಲವೇ ಸಿಗಲಿಲ್ಲ. ಇನ್ನೂ ಕೆಳಗಿನ ಸೀಟನ್ನು ಬೇರೆಯಾಗಿ ಹಾಕಿಸಬಹುದು. ಅದರಿಂದ ಎತ್ತರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಗಾಡಿ ನೋಡಲು ಬಂದಿದ್ದ ಮಿಸ್ತ್ರಿಯೊಬ್ಬರು ಆಗ ಹೇಳಿದ ಮಾತು ಇಡೀ ಹುಡುಕಾಟದಲ್ಲಿ ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು: "ಅಕ್ಕಾರ, ಗಾಡಿ ನಿಂತಾಗ ತೂಕ ನೋಡಬ್ಯಾಡ್ರಿ, ಬಿದ್ದಾಗ ನೋಡ್ರಿ."

ಅಂದಿನಿಂದ ಪ್ರತಿ ಗಾಡಿಯನ್ನೂ ಮೆತ್ತನೆಯ ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ನಾನೊಬ್ಬಳೇ ಎತ್ತಿ ನೋಡಿದೆ. ಗಾಡಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲನ್ನೂ ಇನ್ನೊಂದರಲ್ಲಿ ಹಿಂದಿನ ಹಿಡಿಕೆಯನ್ನೂ ಹಿಡಿದು, ತೊಡೆಯ ಬಲದಿಂದ ಸಣ್ಣ ಹೆಜ್ಜೆ ಹಿಂದಿಡುತ್ತ ಎತ್ತುವುದು ಸರಿಯಾದ ಕ್ರಮ. 450 ಅರ್ಧದವರೆಗೆ ಬಂದು ನಿಂತಿತು. 159 ಕಿಲೋದ ಎಕ್ಸ್‌ಪಲ್ಸ್ ಎದ್ದು ನಿಂತಿತು. ಕಾಗದದಲ್ಲಿ 37 ಕಿಲೋ ಎಂದು ಕಾಣುವ ಅಂತರ ದಾರಿಯಲ್ಲಿ ಒಬ್ಬಳೇ ಮುಂದುವರಿಯುವುದಕ್ಕೂ ಇನ್ನೊಬ್ಬರು ಬರುವವರೆಗೆ ಕಾಯುವುದಕ್ಕೂ ನಡುವಿನ ಅಂತರವಾಗಿತ್ತು.

ಹಿಮಾಲಯನ್ 411ರ ಬಗ್ಗೆ ನನಗೆ ಗೌರವವಿದೆ. 2016ರಲ್ಲಿ ಬಂದ ಈ ಗಾಡಿಯ ಸೀಟು 800 ಮಿಲಿಮೀಟರು, ನನ್ನ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗುತ್ತಿತ್ತು. ಅದರ 32 ನ್ಯೂಟನ್ ಮೀಟರ್ ಟಾರ್ಕು ನಾಲ್ಕು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ಸಿಗುವುದರಿಂದ, ಎಕ್ಸಲೇಟರ್ ಹೆಚ್ಚು ತಿರುವದೆ ಕಲ್ಲಿನ ಏರನ್ನು ನಿಧಾನವಾಗಿ ಏರುತ್ತದೆ. ಕಲಿಯುವವರಿಗೆ ಇಂಥ ಎಂಜಿನ್ನು ಧೈರ್ಯ ಕೊಡುತ್ತದೆ. ಆದರೆ ತೂಕ ಮತ್ತೆ 199 ಕಿಲೋ. ಈಗ ತಯಾರಿಕೆ ನಿಂತಿರುವುದರಿಂದ ಸೆಕೆಂಡ್‌ಹ್ಯಾಂಡೇ ಗತಿ. ನಾವು ನೋಡಿದವುಗಳಲ್ಲಿ ಒಂದರ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಸಡಿಲವಾಗಿತ್ತು, ಇನ್ನೊಂದರ ರಿಮ್ಮು ಸೊಟ್ಟಗಿತ್ತು. ಹಿಂದಿನ ಮಾಲೀಕರು ಹೇಗೆ ಓಡಿಸಿದ್ದರು ಎಂಬುದರ ಮೇಲೆಯೇ ಎಲ್ಲವೂ ನಿಂತಿರುವ ಇಂಥ ವ್ಯವಹಾರಕ್ಕೆ ಮೊದಲ ಬಾರಿ ಕೊಳ್ಳುವವರು ನುರಿತ ಮಿಸ್ತ್ರಿಯನ್ನು ಕರೆದೊಯ್ಯದೆ ಕೈಹಾಕಬಾರದು.

ಎಕ್ಸ್‌ಪಲ್ಸ್ ಶಕ್ತಿಯಲ್ಲಿ ಚಿಕ್ಕದು: 199.6 ಸಿಸಿ, 19 ಪಿಎಸ್ ಆಸುಪಾಸು, 17.35 ನ್ಯೂಟನ್ ಮೀಟರ್ ಟಾರ್ಕು, ಅದೂ 6500 ಆರ್‌ಪಿಎಂ ತಲುಪಿದ ಮೇಲೆ. ಇಬ್ಬರನ್ನು ಹೊತ್ತು ಘಾಟಿ ಹತ್ತುವಾಗ ಮೇಲಿಂದ ಮೇಲೆ ಗೇರು ಇಳಿಸಬೇಕಾಗುತ್ತದೆ. ಸೀಟಿನ ಎತ್ತರ ಇದರಲ್ಲೂ 825 ಮಿಲಿಮೀಟರೇ ಆದರೂ, ಸೀಟು ಕಿರಿದಾಗಿರುವುದರಿಂದ ಮತ್ತು ಶಾಕ್ ಅಬ್ಸಾರ್ಬರ್ ಮೆದುವಾಗಿ ಕುಗ್ಗುವುದರಿಂದ ನನಗೆ ಕಾಲೂರುವುದು ಸುಲಭವಾಯಿತು. ಮುಂದೆ 21, ಹಿಂದೆ 18 ಅಂಗುಲದ ಗಾಲಿಗಳು, 220 ಮಿಲಿಮೀಟರಿನ ಗ್ರೌಂಡ್ ಕ್ಲಿಯರೆನ್ಸು (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ), 2023ರ ಮಾದರಿಯಿಂದ ಬಂದ ಮೂರು ಬಗೆಯ ಎಬಿಎಸ್ (ಬ್ರೇಕು ಹಿಡಿದಾಗ ಗಾಲಿ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), ಇವೆಲ್ಲ ಮಣ್ಣುದಾರಿಗೆಂದೇ ಇರುವಂಥವು. ಎರೆಮಣ್ಣಿನಲ್ಲಿ ಇದರ ಹಗುರತನದ ಬೆಲೆ ಚೆನ್ನಾಗಿ ತಿಳಿಯಿತು. ಮಳೆ ಬಿದ್ದ ಮರುದಿನ ಬಂಡಿಜಾಡಿನಲ್ಲಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಂಡು ಗಾಲಿ ತಿರುಗದೆ ನಿಂತುಬಿಡುತ್ತದೆ. ಕಡ್ಡಿಯಿಂದ ತಿವಿದು ತೆಗೆಯುವವರೆಗೆ ಗಾಡಿ ಕದಲದು. ಮೂರಕ್ಕೂ ಹೀಗೆಯೇ ಆಯಿತು, ಆದರೆ ಎಳೆದು ಬದುವಿಗೆ ತರಲು ಇಬ್ಬರಿಂದ ಸಾಧ್ಯವಾದದ್ದು ಎಕ್ಸ್‌ಪಲ್ಸ್ ಒಂದನ್ನೇ. ಒಂದು ಕೊರತೆಯನ್ನು ಹೇಳಲೇಬೇಕು: 411ಕ್ಕೆ ಇರುವ ನಡುಸ್ಟ್ಯಾಂಡು ಇದಕ್ಕಿಲ್ಲ. ಟ್ಯೂಬ್ ಟೈರು ಪಂಕ್ಚರ್ ಆದರೆ ಗಾಲಿ ಬಿಚ್ಚಲು ಕಲ್ಲನ್ನೋ ಕಟ್ಟಿಗೆಯನ್ನೋ ಆಸರೆ ಕೊಡಬೇಕು.

ಇನ್ನು ಹಣದ ಮಾತು. 450 ಮಾರುಕಟ್ಟೆಗೆ ಬಂದಾಗ ಅದರ ಆರಂಭಿಕ ಶೋರೂಮ್ ಬೆಲೆ 2.69 ಲಕ್ಷವಿತ್ತು, ಆಮೇಲೆ ಏರಿತು. ಎಕ್ಸ್‌ಪಲ್ಸ್ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಒಂದು ದೊಡ್ಡ ಗಾಡಿಯ ಹಣಕ್ಕೆ ಸ್ವಲ್ಪ ಸೇರಿಸಿದರೆ ಎರಡು ಹಗುರ ಗಾಡಿಗಳು ಬರುತ್ತವೆ. ವಿಮೆ, ಸರ್ವಿಸ್, ಚೈನ್ ಸ್ಪ್ರಾಕೆಟ್ ಎಲ್ಲವೂ ಎರಡೆರಡಾಗುತ್ತವೆ, ನಿಜ. ಆದರೆ ಒಬ್ಬರು ಸದಾ ಓಡಿಸಿ ಇನ್ನೊಬ್ಬರು ಸದಾ ಹಿಂದೆ ಕೂರುವ ಸವಾರಿಯನ್ನು ನಾನು ಜೊತೆಯ ಸವಾರಿ ಎಂದು ಒಪ್ಪಲಾರೆ. ಎರಡು ಎಕ್ಸ್‌ಪಲ್ಸ್ ಕೊಂಡೆವು, ಆಮೇಲೆ ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪೊಂದರಲ್ಲಿ ಎಂಜಿನ್ನಿನ ಕೆಳಗೆ ದಪ್ಪ ಅಲ್ಯೂಮಿನಿಯಂ ತಗಡು ಕೂರಿಸಿಕೊಂಡೆವು.

ಗೋವಾಕ್ಕೆ ಆಗಾಗ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುವವರು, ಮಣ್ಣುದಾರಿಯನ್ನು ಅಪರೂಪಕ್ಕೆ ಹಿಡಿಯುವವರು, ಇಬ್ಬರಲ್ಲಿ ಒಬ್ಬರಿಗೆ ಓಡಿಸುವ ಆಸೆಯೇ ಇಲ್ಲದವರು 450ನ್ನೇ ಕೊಳ್ಳುವುದು ಸರಿ. ಮುಂಗಡ ಕೊಡುವ ಮೊದಲು ಹಿಂದೆ ಕೂರುವವರನ್ನೂ ಕೂರಿಸಿಕೊಂಡು, ಪರಿಚಿತರ ಗಾಡಿಯಲ್ಲಾದರೂ ಸರಿ, ಒಂದು ಗರಸಿನ ಏರನ್ನು ಹತ್ತಿ ಇಳಿದು ನೋಡಲಿ.