ಚರ್ಚ್ ಹಾಲ್‌ನ ಪೋಷಕರ ಕಾರ್ಯಾಗಾರ: ಕಾನೂನಿಗೆ ಪೂರ್ತಿ ಅಂಕ, ಉಳಿದದ್ದಕ್ಕೆ ಅರ್ಧ

ಹದಿಹರೆಯದ ಮಕ್ಕಳ ಅಪ್ಪ-ಅಮ್ಮಂದಿರಿಗೆ ಅಂತ ಬೆಂಗಳೂರಿನ ಚರ್ಚೊಂದರಲ್ಲಿ ಗರ್ಭಪಾತ ಕಾನೂನಿನ ಬಗ್ಗೆ ಕಾರ್ಯಾಗಾರ ಇತ್ತು. ವಕೀಲೆಯ ಭಾಗ ತುಂಬಾ ಚೆನ್ನಾಗಿತ್ತು. 1971ರ ಕಾಯ್ದೆ ಪ್ರಕಾರ 18 ತುಂಬದ ಹುಡುಗಿಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೂ ತಿಳಿಸಬೇಕು, ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರ್ ಅವಳ ಹೆಸರು ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಇದನ್ನೆಲ್ಲ ಬೋರ್ಡ್ ಮೇಲೆ ಬರೆದು ಬಿಡಿಸಿ ಹೇಳಿದರು.

ಫಾದರ್ ಕೂಡ ನೇರವಾಗಿ ಮಾತಾಡಿದರು. ಮಕ್ಕಳ ಮೊದಲ ಹೊಣೆ ತಂದೆ-ತಾಯಿಯದ್ದೇ, ಆದರೆ ಗರ್ಭ ಧರಿಸಿದ ಕ್ಷಣದಿಂದಲೇ ಅದು ಜೀವ, ಅದನ್ನು ತೆಗೆಸಲು ಒಪ್ಪಿಗೆ ಕೊಡುವ ಹಕ್ಕು ಅವರಿಗೂ ಇಲ್ಲ ಅನ್ನುತ್ತದೆ ಕಥೋಲಿಕ ಸಭೆ. ನಾನೂ ಅದನ್ನು ನಂಬುತ್ತೇನೆ.

ಬೇಜಾರಾದದ್ದು ಆಮೇಲೆ. ಹಿಂದಿನ ಸಾಲಿನ ಅಮ್ಮ ಒಬ್ಬರು ಎದ್ದು, "ಫಾದರ್, ಮಗಳು ಹೆದರಿ ಮನೇಲಿ ಹೇಳದೇ ಇದ್ರೆ?" ಅಂದರು. ಅದಕ್ಕೆ ಫಾದರ್, ಪ್ರಾರ್ಥನೆ ಮಾಡಿ ಅಂತ ಹೇಳಿ ಮೈಕ್ ಮುಂದಕ್ಕೆ ಕೊಟ್ಟುಬಿಟ್ಟರು! ಎಲ್ಲರಿಗೂ ಬೇಕಿದ್ದದ್ದು ಆ ಪ್ರಶ್ನೆಗೇ ಉತ್ತರ ಅಲ್ವಾ? ಮನೆಯಲ್ಲೇ ತೊಂದರೆ ಕೊಟ್ಟವರಿದ್ದರೆ ಆ ಹುಡುಗಿ ಯಾರ ಹತ್ತಿರ ಹೋಗಬೇಕು? ಮಕ್ಕಳ ಸಹಾಯವಾಣಿ 1098 ಅನ್ನೋದನ್ನೂ ಯಾರೂ ಹೇಳಲಿಲ್ಲ.

ಮುಂದಿನ ಸಲ ಒಬ್ಬ ಆಪ್ತ ಸಮಾಲೋಚಕಿಯನ್ನು ಕರೆಸಿ, ಮಕ್ಕಳನ್ನೂ ಜೊತೆಗೆ ಕೂರಿಸಿ. ಹಾಗೆ ಮಾಡಿದರೆ ನಾನು ಖಂಡಿತ ಮತ್ತೆ ಬರ್ತೀನಿ.